ತಮಟೆ ಬಿಟ್ಟವನ ಮಗ

ರಾಹುಲನಿಗೆ ಆ ಹೆಸರಿಟ್ಟವನು ಅವನ ಅಪ್ಪ ಮಾದು. ಮೈಸೂರಿನ ಯಾವುದೋ ಸಮಾವೇಶಕ್ಕೆ ಲಾರಿ ಹತ್ತಿ ಹೋಗಿದ್ದವನು ವೇದಿಕೆಯ ಮೇಲಿಂದ ಬುದ್ಧನ ಮಗನ ಹೆಸರು ಕೇಳಿಸಿಕೊಂಡು ಬಂದು, ಆಗತಾನೆ ಹುಟ್ಟಿದ್ದ ಕೂಸಿಗೆ ಅದನ್ನೇ ಕಟ್ಟಿದ. ಹಕಾರ ನಾಲಿಗೆಗೆ ಹತ್ತದ ಊರು ಅದು. ರಾಹುಲ ಅಲ್ಲಿ ರಾವುಲನಾದ.

ಊರು ನಂಜನಗೂಡು ತಾಲ್ಲೂಕಿನಲ್ಲಿ, ಹೆಡತಲೆ ಗ್ರಾಮ ದಾಟಿ ಒಳಕ್ಕೆ ಹೋದರೆ ಸಿಗುತ್ತದೆ. ಬಸ್ಸು ಅಲ್ಲಿಗೇ ಬಂದು ತಿರುಗಿಕೊಳ್ಳುತ್ತದೆ. ಮೇಲಿನ ಬೀದಿಯಲ್ಲಿ ಜಮೀನಿದ್ದವರು, ಕೆಳಗಿನ ಬೀದಿಯಲ್ಲಿ ಇವರು. ಮಾದು ಮೊದಲು ಊರ ಸಾವುಗಳಿಗೆ ತಮಟೆ ಬಡಿಯುತ್ತಿದ್ದ. ರಾಹುಲ ಸ್ಕೂಲಿಗೆ ಸೇರಿದ ಮೇಲೆ ಬೌದ್ಧ ದೀಕ್ಷೆ ತೆಗೆದುಕೊಂಡು, ತಮಟೆ ಬಿಟ್ಟ. ಅದಾದ ಕೆಲವು ವರ್ಷಕ್ಕೆ ಕುಡಿತಕ್ಕೆ ಬಿದ್ದ. ರಾಹುಲನಿಗೆ ನೆನಪಿದ್ದ ಅಪ್ಪ ಎಂದರೆ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಚಪ್ಪಲಿ ಕಳೆದುಕೊಂಡು ಮಲಗಿರುತ್ತಿದ್ದ ಅಪ್ಪ. ಸಹಪಾಠಿಗಳು ನೋಡುವ ಮೊದಲು ಆಚೆ ಕಡೆಯಿಂದ ಸುತ್ತಿ ಹೋಗಿಬಿಡುತ್ತಿದ್ದ. ಪಿಯುಸಿ ಪರೀಕ್ಷೆಯ ಹೊತ್ತಿಗೆ ಮಾದು ಸತ್ತ. ರಾಹುಲ ಮಣ್ಣು ಹಾಕಿ, ಸ್ನಾನ ಮಾಡಿ, ಓದಲು ಕೂತ. ಕಣ್ಣಲ್ಲಿ ಹನಿ ನೀರು ಬರಲಿಲ್ಲ. ಅವನ ಅವ್ವ ಸಾಕಮ್ಮನೂ ಏನೂ ಅನ್ನಲಿಲ್ಲ. ಆಗಲೇ ಅವಳು ಊರ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಳು. ಸೌದೆ ಒಲೆಯಿಂದ ಗ್ಯಾಸಿಗೆ ಬರುವತನಕ ಅಲ್ಲಿ ಬೆಂದು, ಮಗನನ್ನು ಸಮಾಜಶಾಸ್ತ್ರದ ಎಂ.ಎ.ವರೆಗೆ ಓದಿಸಿದಳು.

ಎಂ.ಎ. ಮುಗಿಸಿದ ರಾಹುಲ ಟಿ. ನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಅತಿಥಿ ಎಂದರೆ ಅತಿಥಿಯೇ. ರಜೆ ಬಂತೆಂದರೆ ಮನೆಗೆ ಹೋಗಬೇಕು, ಸಂಬಳ ಇಲ್ಲ. ಪಿಎಚ್.ಡಿ. ಮಾಡೋಣವೆಂದು ಮೈಸೂರಿನಲ್ಲಿ ಗೈಡುಗಳ ಬಾಗಿಲು ತಟ್ಟಿದ. ಒಬ್ಬರ ಹತ್ತಿರ ಜಾಗ ಇರಲಿಲ್ಲ, ಇನ್ನೊಬ್ಬರು 'ಮುಂದಿನ ವರ್ಷ ನೋಡೋಣ' ಎಂದು ವರ್ಷಗಳನ್ನೇ ತಳ್ಳಿದರು, ಮತ್ತೊಬ್ಬರು ಮನೆಗೆ ತರಕಾರಿ ತರಿಸಿಕೊಂಡು ಸೀಟು ಇನ್ಯಾರಿಗೋ ಕೊಟ್ಟರು.

ಹಾಗಿರುವಾಗ ಒಂದು ದಿನ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಅವನಿಗೆ ಯುರೋಪಿನ ಹುದ್ದೆಗಳ ಪುಟ ಸಿಕ್ಕಿತು. ಮೊದಲಿಗೆ ನಂಬಲಿಲ್ಲ. ಅಲ್ಲಿ ಪಿಎಚ್.ಡಿ. ಎನ್ನುವುದು ಕೆಲಸ. ನಮ್ಮಲ್ಲಿ ಗುಮಾಸ್ತನ ಹುದ್ದೆಗೆ ಕರೆಯುವ ಹಾಗೆ ಅಲ್ಲಿ ಸಂಶೋಧಕರನ್ನು ಜಾಹೀರಾತು ಕೊಟ್ಟು ಕರೆಯುತ್ತಾರೆ, ತಿಂಗಳ ಸಂಬಳ ಕೊಡುತ್ತಾರೆ, ಯಾರ ಮನೆಗೂ ತರಕಾರಿ ಹೊರಬೇಕಾಗಿಲ್ಲ. ಸ್ವೀಡನ್ನಿನಲ್ಲಿ ಒಂದು, ಹಾಲೆಂಡಿನಲ್ಲಿ ಎರಡು, ಜರ್ಮನಿಯಲ್ಲಿ ಪುಟಗಟ್ಟಲೆ. ರಾಹುಲ ಒಂದೊಂದನ್ನೇ ಓದಿದ. ಗೊತ್ತಿಲ್ಲದ ಶಬ್ದಗಳಿಗೆ ಫೋನಿನಲ್ಲಿ ಅರ್ಥ ನೋಡಿದ. ತಾನು ಯಾರು, ಯಾಕೆ ಬರಬೇಕೆಂದಿದ್ದೇನೆ, ಬಂದು ಏನು ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸುವುದನ್ನು ಕಲಿತ.

ಉತ್ತರಗಳು ಬರತೊಡಗಿದವು. 'ನಿಮ್ಮ ಆಸಕ್ತಿಗೆ ಧನ್ಯವಾದ. ಅರ್ಹರು ಬಹಳ ಮಂದಿ ಇದ್ದುದರಿಂದ…' ಎಂದು ಎಲ್ಲವೂ ಶುರುವಾಗುತ್ತಿದ್ದವು. ಬೈಗುಳವಾದರೆ ತಿರುಗಿ ಬೈಯಬಹುದಿತ್ತು. ಇಷ್ಟು ಮರ್ಯಾದೆಯಿಂದ ಬಾಗಿಲು ಮುಚ್ಚಿದರೆ ಏನು ಮಾಡುವುದು? ಎರಡು ವರ್ಷ ಹೀಗೆಯೇ ಹೋಯಿತು. ಸ್ಟಾಫ್ ರೂಮಿನಲ್ಲಿ ಅವನಿಗೆ 'ಫಾರಿನ್ ಮೇಷ್ಟ್ರು' ಎಂದು ಹೆಸರು ಬಿತ್ತು.

ಆಮೇಲೆ ಜರ್ಮನಿಯ ಉತ್ತರ ಭಾಗದ ಒಂದು ವಿಶ್ವವಿದ್ಯಾಲಯದಿಂದ ಒಂದು ಜಾಹೀರಾತು ಬಂತು. ವಿಷಯವನ್ನು ರಾಹುಲ ಎರಡು ಸಲ ಓದಿದ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಬೌದ್ಧರಾದ ದಲಿತ ಕುಟುಂಬಗಳು. ಅವರು ಏನನ್ನು ಬಿಟ್ಟರು, ಬಿಟ್ಟಿದ್ದಕ್ಕೆ ಏನು ಅನುಭವಿಸಿದರು. ತನ್ನ ಮನೆಯ ಬಾಗಿಲಿಗೇ ಯಾರೋ ಬಂದು ಹೆಸರು ಹಿಡಿದು ಕೂಗಿದ ಹಾಗಾಯಿತು. ಆ ಸಲ ಅವನು ಬೇರೆ ಯಾವ ಅರ್ಜಿಗೂ ಬರೆಯದ ಹಾಗೆ ಬರೆದ. ಊರಿನ ಹೆಸರು, ಎರಡು ಬೀದಿಗಳು, ಯಾವ ಮನೆಯವರು ಯಾವಾಗ ದೀಕ್ಷೆ ತೆಗೆದುಕೊಂಡರು, ಯಾರು ವಾಪಸ್ ಹೋದರು, ಎಲ್ಲವನ್ನೂ ಬರೆದ.

ಸಂದರ್ಶನಕ್ಕೆ ಕರೆದರು. ಫೋನಿನ ನೆಟ್ಟು ಕಂಪ್ಯೂಟರಿಗೆ ಕೊಟ್ಟು, ನರಸೀಪುರದ ಬಾಡಿಗೆ ರೂಮಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತ. ಆ ಕಡೆ ಬಿಳಿಗೂದಲಿನ ಪ್ರೊಫೆಸರ್ ಹೆಂಗಸು, ಜೊತೆಗೆ ಇನ್ನಿಬ್ಬರು. ಅವರು ನಕ್ಕರು, ತಲೆಯಾಡಿಸಿದರು, ಬಹಳ ಕೇಳಿದರು. ಕೊನೆಯಲ್ಲಿ ಪ್ರೊಫೆಸರ್ ಹೇಳಿದ ಮಾತನ್ನು ಅವನು ಮೊದಲು ಹೊಗಳಿಕೆ ಎಂದೇ ತಿಳಿದ.

"ನೀವು ಈ ವಿಷಯಕ್ಕೆ ತುಂಬಾ ಹತ್ತಿರದಲ್ಲಿದ್ದೀರಿ, ಮಿಸ್ಟರ್ ರಾಹುಲ್."

"ಹೌದು, ಅದೇ ನನ್ನ ಅನುಕೂಲ," ಎಂದ ರಾಹುಲ ಖುಷಿಯಿಂದ.

ಅವರು ಮತ್ತೆ ನಕ್ಕರು. ಆ ತಿಂಗಳ ಕೊನೆಗೆ ಉತ್ತರ ಬಂತು. ಧನ್ಯವಾದ ಎಂದೇ ಶುರುವಾಗಿತ್ತು.

ಬೇಸಿಗೆ ರಜೆಗೆ ರಾಹುಲ ಊರಿಗೆ ಬಂದಿದ್ದ. ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ದಿವ್ಯ ಎಂಬ ಹುಡುಗಿ. ಅಪ್ಪ ಅಮ್ಮ ಮೈಸೂರಿನವರು, ಅವಳು ಬೆಳೆದಿದ್ದು ದೆಹಲಿಯಲ್ಲಿ. ಆ ಹುದ್ದೆ ಅವಳಿಗೆ ಸಿಕ್ಕಿತ್ತು. ಅವಳಿಗೆ ಹಳ್ಳಿಯಲ್ಲಿ ಜನರ ಪರಿಚಯ ಮಾಡಿಸಿ, ಮಾತನ್ನು ಇಂಗ್ಲಿಷಿಗೆ ಹೇಳುವ ಒಬ್ಬ ಸಹಾಯಕ ಬೇಕಿತ್ತು.

"ಪ್ರೊಫೆಸರ್ ನಿಮ್ಮ ಹೆಸರೇ ಹೇಳಿದ್ರು," ಎಂದಳು. "ನಿಮ್ಮ ಅರ್ಜಿ ಅವರಿಗೆ ತುಂಬಾ ಇಷ್ಟ ಆಗಿತ್ತಂತೆ. ನಿಮ್ಮಿಂದಾನೇ ಈ ಊರು ನಮಗೆ ಗೊತ್ತಾಗಿದ್ದು."

ರಾಹುಲನಿಗೆ ಫೋನು ಎತ್ತಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ರಜೆಯ ತಿಂಗಳು, ಕೈಯಲ್ಲಿ ಕೆಲಸವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದಿನ ವರ್ಷ ಅದೇ ವಿಭಾಗದಲ್ಲಿ ಇನ್ನೊಂದು ಹುದ್ದೆ ಬರುತ್ತದೆ, ಇಲ್ಲಿ ಮಾಡಿದ ಕೆಲಸ ಆಗ ಲೆಕ್ಕಕ್ಕೆ ಬರುತ್ತದೆ ಎಂದು ದಿವ್ಯ ಹೇಳಿದ್ದಳು. ಮೂಗಿಗೆ ತುಪ್ಪ ಸವರಿದರೆ ನಾಲಿಗೆ ಸುಮ್ಮನಿರುವುದಿಲ್ಲ. ಒಪ್ಪಿಕೊಂಡ.

ದಿವ್ಯ ಕೆಟ್ಟವಳಾಗಿದ್ದರೆ ರಾಹುಲನಿಗೆ ಸುಲಭವಾಗುತ್ತಿತ್ತು. ಅವಳು ಒಳ್ಳೆಯವಳು. ನಂಜನಗೂಡಿನಲ್ಲಿ ಮನೆ ಮಾಡಿ, ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಕೊಟ್ಟಿದ್ದನ್ನು ತಿನ್ನುತ್ತಿದ್ದಳು, ಕೆಳಗೆ ಕೂರುತ್ತಿದ್ದಳು. ಅವಳ ಕನ್ನಡ ಮನೆಯೊಳಗಿನ ಕನ್ನಡ. 'ಐಕ್ಳು' ಎಂದರೆ ಮಕ್ಕಳು ಎಂದು ಅವಳಿಗೆ ತಿಳಿಯಲು ಒಂದು ವಾರ ಬೇಕಾಯಿತು. ರಾಹುಲ ಮುಂದೆ ಮುಂದೆ, ಅವಳು ಹಿಂದೆ ಹಿಂದೆ. ಕೆಳಗಿನ ಬೀದಿಯ ಮನೆಗಳನ್ನೆಲ್ಲ ಅವನು ಹೀಗೆ ಒಂದೊಂದಾಗಿ ತೆರೆದುಕೊಟ್ಟ.

"ಮೇಲಿನ ಬೀದಿಯವರ ಜೊತೆ ನಿಮ್ಮ ಸಂಬಂಧ ಹೇಗಿತ್ತು?" ಎಂದು ಅವಳು ಒಂದು ದಿನ ಅವನನ್ನೇ ಕೇಳಿದಳು.

"ಎಲ್ಲರೂ ಒಂದೇ ಥರ ಅಲ್ಲ," ಎಂದ ರಾಹುಲ. "ರಂಗಸ್ವಾಮಿ ಅಂತ ಇದ್ದಾರೆ, ಊರಿಗೆ ದೊಡ್ಡ ಜಮೀನ್ದಾರರು. ನಾನು ಚಿಕ್ಕೋನಿದ್ದಾಗ ಅವರ ಮನೇಲಿ ಯಾರೋ ಸತ್ತಿದ್ರು. ಆವತ್ತು ನನ್ನನ್ನ ಸ್ಕೂಲಿಂದ ಕರೆಸಿ, ತಮ್ಮ ಜಗಲಿ ಮೇಲೆ ಕೂರಿಸಿಕೊಂಡು, ಕೈತುಂಬ ಕೊಬ್ಬರಿ ಮಿಠಾಯಿ ಕೊಟ್ಟಿದ್ರು. ನಮ್ಮ ಬೀದಿಯೋರು ಯಾರೂ ಆ ಜಗಲಿ ಮೇಲೆ ಕೂತಿರಲಿಲ್ಲ. ಕೆಳಗೆ ನಮ್ಮಪ್ಪ ತಮಟೆ ಬಡೀತಾ ಇದ್ದ. ನಾನು ತೊಡೆ ಮೇಲೆ ತಾಳ ಹಾಕ್ತಾ ಕೂತಿದ್ದೆ. ಅಪ್ಪ ನನ್ನ ಕಡೆ ನೋಡಿದಾಗ ಕೈ ಬೀಸಿದ್ದೆ."

ದಿವ್ಯ ಅದನ್ನು ಬರೆದುಕೊಂಡಳು. ರಾಹುಲನಿಗೆ ಅಪ್ಪನ ಬಗ್ಗೆ ಹೇಳಿಕೊಳ್ಳಲು ಇದ್ದ ಒಂದೇ ಒಂದು ಒಳ್ಳೆಯ ನೆನಪು ಅದು.

ಕೊನೆಗೆ ಸಾಕಮ್ಮನ ಸರದಿ ಬಂತು. ಶಾಲೆಗೆ ರಜೆ, ಅವಳೂ ಮನೆಯಲ್ಲಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲ ಮುಂದಿನ ನೆರಳಲ್ಲಿ ಚಾಪೆ ಹಾಕಿ ಕೂತರು. ಮಾತು ಹಿಡಿಯುವ ಪುಟ್ಟ ಯಂತ್ರವನ್ನು ದಿವ್ಯ ಚಾಪೆಯ ಮೇಲಿಟ್ಟಳು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ ಎಂದಳು. ರಾಹುಲ ಅದನ್ನು ಅವ್ವನಿಗೆ ಅವ್ವನ ಮಾತಿನಲ್ಲಿ ಹೇಳಿದ. ಸಾಕಮ್ಮ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಮಗನ ಕಡೆ ನೋಡದೆ ಆ ಹುಡುಗಿಯ ಕಡೆಯೇ ನೋಡುತ್ತಾ ಶುರು ಮಾಡಿದಳು.

"ರಂಗಸ್ವಾಮಪ್ಪನ ಅಪ್ಪ ಸತ್ತೋಗಿದ್ದ ಕನವ್ವ. ಬೆಳಿಗ್ಗೇನೆ ಆಳು ಬಂದ, ತಮಟೆ ತಕ್ಕಂಡು ಬಾ ಅಂದ. ಇವ, 'ಸಾವ್ಗೆ ಬತ್ತೀನಿ, ಮಣ್ಣಾಕ್ತೀನಿ, ತಮಟೆ ಮಾತ್ರ ಮುಟ್ಟಕಿಲ್ಲ, ದೀಕ್ಷೆ ತಕ್ಕಂಡಿವ್ನಿ' ಅಂದ. ಆಳು ಓದ. ಒಡೀತಾರೆ ಅನ್ಕಂಡು ನಾವು ಬಾಗ್ಲಾಕ್ಕಂಡು ಕೂತಿದ್ದೋ. ಯಾರೂ ಒಡೀನಿಲ್ಲ. ಸ್ಕೂಲ್ಗೆ ಆಳು ಕಳ್ಸಿ ಮಗೀನ ಕರಸ್ಕಂಡ್ರು."

ರಾಹುಲ ಇಂಗ್ಲಿಷಿಗೆ ಹೇಳುತ್ತಾ ಹೋದ. ಮಗೀನ ಎನ್ನುವಲ್ಲಿ 'ಒಂದು ಮಗುವನ್ನು' ಎಂದ. ಎಂದ ಮೇಲೆ ಅವನಿಗೆ ಅರ್ಥವಾಯಿತು.

ಸಾಕಮ್ಮ ನಿಲ್ಲಿಸಲಿಲ್ಲ. "ಜಗಲಿ ಮ್ಯಾಲೆ ಕೂರಿಸ್ಕಂಡು ಮಿಠಾಯಿ ಕೊಟ್ರು. 'ಮಾದ, ನಿನ್ ಮಗ ನಮ್ಮನೇಲಿ ಅವ್ನೆ. ಇತ್ಲಲ್ಲಿ ಬಾವಿ ಅದೆ, ಕಟ್ಟೆ ಇಲ್ಲ. ಮಗ ಆಡ್ಕಂಡು ಓಗಿ ಬಿದ್ರೆ ನಾವು ಜವಾಬ್ದಾರಲ್ಲ' ಅಂತ ಯೋಳಿ ಕಳ್ಸುದ್ರು. ಇವನ ತಾವು ತಮಟೆ ಎಲ್ಲಿತ್ತು? ಸುಟ್ಟಾಕ್ಬುಟ್ಟಿದ್ದ. ಪಕ್ಕದೂರ್ಗೆ ಓಡೋಗಿ ಇಸ್ಕಂಡು ಬಂದ. ಮನೆ ಮುಂದಿಂದ ಗುಳಿಗಂಟ ಬಡ್ದ. ಗುಳಿ ಮುಚ್ಚಿದ್ ಮ್ಯಾಕೂ ನಿಲ್ಸು ಅನ್ನನಿಲ್ಲ. ಅವ್ರು ತಾನ ಮಾಡಿ ಉಣ್ಣಕ್ಕೆ ಕೂತ್ರು, ಇವ ಬಾಗ್ಲಲ್ಲಿ ಬಡೀತಾನೇ ಅವ್ನೆ. ಕೈ ಬೆಳ್ಳೆಲ್ಲ ಕಿತ್ತೋಗಿ ರಕುತ ತಮಟೆ ಮ್ಯಾಲೆ ಚಿಮ್ತಿತ್ತು. ನಗಾಡ್ಕಂಡು ನೋಡ್ತಿದ್ರು."

ರಾಹುಲ ಒಂದೊಂದು ವಾಕ್ಯವನ್ನೂ ಹೇಳಿದ. ಏನನ್ನೂ ಬಿಡಲಿಲ್ಲ, ಏನನ್ನೂ ಮೆದು ಮಾಡಲಿಲ್ಲ. ಅವನ ಬಾಯಿ ಒಂದು ಕಡೆ ಕೆಲಸ ಮಾಡುತ್ತಿತ್ತು, ಅವನು ಇನ್ನೊಂದು ಕಡೆ ಜಗಲಿಯ ಮೇಲೆ ಕೂತಿದ್ದ. ಆವತ್ತಿನ ನಂತರ ಅಪ್ಪ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದು, ಅವ್ವ ತುತ್ತು ಮಾಡಿ ತಿನ್ನಿಸಿದ್ದು, 'ಅಪ್ಪ ಪಾಪು ಆಗೋಗವ್ನೆ' ಎಂದು ತಾನು ಚಪ್ಪಾಳೆ ತಟ್ಟಿದ್ದು ನೆನಪಾಯಿತು.

ದಿವ್ಯ ಅವನ ಮುಖ ನೋಡಿದಳು. "ಆ ಮಗು… ನೀವೇನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು."

ಅವಳ ಕಣ್ಣು ತುಂಬಿತು. ಯಂತ್ರ ಓಡುತ್ತಲೇ ಇತ್ತು. ಆಮೇಲೆ ಮೆಲ್ಲಗೆ, "ದಯವಿಟ್ಟು… ಆಗ ಅವರಿಗೆ ಹೇಗನ್ನಿಸಿತು ಅಂತ ಕೇಳ್ತೀರಾ?" ಎಂದಳು.

ರಾಹುಲ ಕೇಳಿದ. "ಅವ್ವ, ಆಗ ನಿಂಗೆ ಏನನ್ನಿಸ್ತು ಅಂತ ಕೇಳ್ತಾವ್ರೆ."

"ಏನನ್ನಸ್ತದೆ?" ಎಂದಳು ಸಾಕಮ್ಮ. "ಮಗ ನಗ್ತಿದ್ದ. ಅದ ನೋಡ್ಕಂಡು ನಿಂತಿದ್ದಿ."

ದಿವ್ಯ ಹೊರಟುಹೋದ ಮೇಲೆ ರಾಹುಲ ಅವ್ವನ ಮುಂದೆ ಬಂದು ನಿಂತ. "ನಂಗ್ಯಾಕೆ ಯೋಳ್ನಿಲ್ಲ ಇಷ್ಟ್ ದಿನ?"

"ಯೋಳಿದ್ರೆ ಮಚ್ಚು ತಕ್ಕಂಡು ಓಗ್ತಿದ್ದೆ. ಇಲ್ದಿದ್ರೆ ನಿಮ್ಮಪ್ಪನಂಗೆ ಕುಡೀತಿದ್ದೆ. ಎಲ್ಡೂ ಬ್ಯಾಡ ಅಂತ ಸುಮ್ಕಿದ್ದಿ."

"ಅವ್ಳಿಗ್ಯಾಕೆ ಯೋಳ್ದೆ?"

"ಆ ಮಗ ಓಗೋದು. ನೀನು ಇಲ್ಲೇ ಇರೋನು."

ರಾಹುಲ ಮಚ್ಚು ತೆಗೆದುಕೊಳ್ಳಲಿಲ್ಲ, ಕುಡಿಯಲೂ ಇಲ್ಲ. ಅಪ್ಪನನ್ನು ಹೂತ ಜಾಗಕ್ಕೆ ಹೋಗಿ ನಿಂತು ನೋಡಿದ. ಗುರುತಿಗೆ ಅಲ್ಲಿ ಏನೂ ಇರಲಿಲ್ಲ. ಜಾಲಿ ಬೆಳೆದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದದ್ದೇ ನೆನಪಾಗಿ, ಅಲ್ಲೂ ಹೆಚ್ಚು ಹೊತ್ತು ನಿಲ್ಲಲಾಗದೆ ಬಂದುಬಿಟ್ಟ.

ದಿವ್ಯ ಜರ್ಮನಿಗೆ ಹಿಂತಿರುಗಿದಳು. ಮಳೆಗಾಲ ಕಳೆದ ಮೇಲೆ ಅಲ್ಲಿನ ಒಂದು ಇಂಟರ್ನೆಟ್ ಪತ್ರಿಕೆಯಲ್ಲಿ ಅವಳ ಲೇಖನ ಬಂತು. ರಾಹುಲನಿಗೂ ಕಳಿಸಿದ್ದಳು. ಹೆಸರುಗಳೆಲ್ಲ ಬದಲಾಗಿದ್ದವು, ಮಾದು ಬೇರೆ ಯಾರೋ ಆಗಿದ್ದ, ರಂಗಸ್ವಾಮಿ ಬರೀ 'ಭೂಮಾಲೀಕ' ಆಗಿದ್ದರು. ಆದರೆ ಜಗಲಿ ಇತ್ತು, ಮಿಠಾಯಿ ಇತ್ತು, ಕಟ್ಟೆಯಿಲ್ಲದ ಬಾವಿ ಇತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ರಾಹುಲನಿಗೆ ಧನ್ಯವಾದ ಇತ್ತು, ಅವನ ನಿಜವಾದ ಹೆಸರಿನಲ್ಲೇ.

ರಂಗಸ್ವಾಮಿಯ ಅಣ್ಣನ ಮಗ ಬಸವೇಶ್ ನಂಜನಗೂಡಿನಲ್ಲಿ ಕೆಲಸಕ್ಕಿದ್ದ. ಆ ಹೆಸರಿನ ಜಾಡಿನಲ್ಲಿ ಲೇಖನ ಹೇಗೋ ಅವನ ಕಣ್ಣಿಗೆ ಬಿತ್ತು. ಇಡೀ ಲೇಖನವನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಯಂತ್ರದ ಕನ್ನಡದಲ್ಲಿ ತಮಟೆ 'ಡ್ರಮ್' ಆಗಿತ್ತು, ಹೆಣ 'ದೇಹ' ಆಗಿತ್ತು. ಆದರೂ ಊರಿಗೆ ಎಲ್ಲ ಅರ್ಥವಾಯಿತು.

ಒಂದು ಭಾನುವಾರ ರಂಗಸ್ವಾಮಿ ಕೆಳಗಿನ ಬೀದಿಗೆ ಬಂದರು. ಹಿಂದೆ ಬಸವೇಶ್. ರಾಹುಲ ಮನೆಯಲ್ಲಿದ್ದ. ಸಾಕಮ್ಮ ಒಳಗಿಂದ ಬಂದು ಸೆರಗು ಎಳೆದುಕೊಂಡು ನಿಂತಳು. ರಂಗಸ್ವಾಮಿಗೆ ವಯಸ್ಸಾಗಿತ್ತು, ದನಿ ಮೆತ್ತಗಿತ್ತು.

"ಸಾಕಮ್ಮ, ನಿನ್ ಮಗನ್ಗೆ ನಾನೇನ್ ಮಾಡಿದ್ದೆ ಯೋಳು. ಕೈಯಾರೆ ಮಿಠಾಯಿ ಕೊಟ್ಟಿದ್ದೆ. ನಮ್ಮ ಜಗಲಿ ಮ್ಯಾಲೆ ಕೂರಿಸಿದ್ದೆ. ಇಲ್ಲ ಅಂತೀಯಾ?"

"ಇಲ್ಲ ಅನ್ನಕಿಲ್ಲ ಬುದ್ದಿ."

"ಮತ್ತೆ ದೇಶಾಂತರ ಯಾಕ್ ಸಾರುದ್ರಿ ಇದ್ನ?"

ರಾಹುಲ ಮುಂದೆ ಬಂದ. "ಆ ಬಾವಿ ಮಾತು ಸುಳ್ಳಾ ಸಾ? ಅದ್ನೂ ಯೋಳಿ."

ರಂಗಸ್ವಾಮಿ ಅವನ ಕಡೆ ತಿರುಗಲೇ ಇಲ್ಲ. ಸಾಕಮ್ಮನಿಗೇ ಹೇಳಿದರು: "ನಿಂಗೆ ಇಂಗ್ಲೀಸ್ ಬರಕಿಲ್ಲ. ಬರೋದು ಇವ್ನಿಗೆ. ಓದ್ಸಿದ್ದಕ್ಕೆ ಚೆನ್ನಾಗೇ ಮಾಡ್ದ ಕಣಮ್ಮ." ಅಷ್ಟು ಹೇಳಿ ಹೊರಟರು. ಬಸವೇಶ್ ಮಾತ್ರ ಬಾಗಿಲ ಮುಂದೆ ನಿಂತು ಫೋನಿನಲ್ಲಿ ಮನೆಯ ಫೋಟೋ ಹೊಡೆದುಕೊಂಡು ಹೋದ.

ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಹೊಡೆಯಲಿಲ್ಲ. ಮುಂದಿನ ವಾರದಿಂದ ಮೇಲಿನ ಬೀದಿಯ ಮಕ್ಕಳು ಸ್ಕೂಲಿಗೆ ಮನೆಯಿಂದ ಬುತ್ತಿ ತರತೊಡಗಿದರು. ಬೇಯಿಸಿದ ಅನ್ನ ಉಳಿಯಿತು. ಉಳಿದದ್ದನ್ನು ನಾಯಿಗೆ ಹಾಕುವ ಕೆಲಸವೂ ಸಾಕಮ್ಮನಿಗೇ ಬಂತು. ಅನ್ನ ದಂಡವಾಗುತ್ತಿದೆ ಎಂದು ಸ್ಕೂಲಿನ ಸಮಿತಿ ಸಭೆ ಸೇರಿತು. ಅಡುಗೆಯವರಿಗೆ ಅರವತ್ತು ದಾಟಿದರೆ ಕೆಲಸವಿಲ್ಲ ಎಂದು ಯಾರೋ ನೆನಪಿಸಿದರು. ಸಾಕಮ್ಮನ ಆಧಾರ್ ಕಾರ್ಡಿನಲ್ಲಿ, ಅದನ್ನು ಮಾಡಿಸಿದ ದಿನ ಕೇಳುವವರಿಲ್ಲದೆ, ಯಾರೋ ಅಂದಾಜಿಗೆ ಬರೆದ ಹುಟ್ಟಿದ ವರ್ಷವಿತ್ತು. ಅದರ ಪ್ರಕಾರ ಅವಳಿಗೆ ಅರವತ್ತೊಂದು. ನಿಜದಲ್ಲಿ ಐವತ್ತೈದು ಕೂಡ ಆಗಿರಲಿಲ್ಲ. ಅವಳ ಕೊನೆಯ ದಿನ ಒಂದು ಶಾಲು ಹೊದಿಸಿ, ಹಣ್ಣು ಕೊಟ್ಟು, ಫೋಟೋ ತೆಗೆಸಿದರು. ಅವಳ ಪಕ್ಕದಲ್ಲಿ, ದಾನಿಗಳ ಲೆಕ್ಕದಲ್ಲಿ, ರಂಗಸ್ವಾಮಿಯೂ ನಿಂತಿದ್ದರು.

ಮನೆಗೆ ಬಂದು ಶಾಲು ಮಡಿಸಿಟ್ಟು ಸಾಕಮ್ಮ ಹೇಳಿದ್ದು ಒಂದೇ ಮಾತು: "ಇನ್ ಯಾರ್ಗೂ ಯೋಳ್ಬ್ಯಾಡ ಮಗ. ಅದು ಅಲ್ಗೇ ಮುಗೀಲಿ."

"ಯೋಳಕಿಲ್ಲ ಕಣವ್ವ," ಎಂದು ರಾಹುಲ ಅವಳ ಕೈ ಹಿಡಿದು ಹೇಳಿದ.

ಅವನು ಪ್ರೊಫೆಸರಿಗೆ ಒಂದು ಮೇಲ್ ಬರೆದ. ನಡೆದದ್ದನ್ನೆಲ್ಲ ಬರೆದ. ಉತ್ತರ ಬೇಗನೆ ಬಂತು. ಅವರಿಗೆ ತುಂಬಾ ನೋವಾಗಿದೆ. ಹೆಸರುಗಳನ್ನು ಬದಲಿಸಲಾಗಿತ್ತು, ನಿಯಮದಂತೆ ಒಪ್ಪಿಗೆ ಪಡೆಯಲಾಗಿತ್ತು, ಆದರೂ ಲೇಖನವನ್ನು ತಾತ್ಕಾಲಿಕವಾಗಿ ತೆಗೆಯುವ ಬಗ್ಗೆ ಸಮಿತಿ ಯೋಚಿಸುತ್ತದೆ. ಕೊನೆಯ ಸಾಲಿನಲ್ಲಿ, ಈ ವರ್ಷ ಹೊಸ ಹುದ್ದೆಯ ಕರೆ ಬಂದಿದೆ, ನೀವು ಅರ್ಜಿ ಹಾಕುವಿರೆಂದು ನಂಬಿದ್ದೇವೆ ಎಂದಿತ್ತು. ದಿವ್ಯಳೂ ಫೋನು ಮಾಡಿ ಅತ್ತಳು. ಆಮೇಲೆ, "ಈ ಸಲ ನಿಮಗೇ ಆಗುತ್ತೆ ರಾಹುಲ್, ನೋಡ್ತಾ ಇರಿ," ಎಂದಳು.

ಈಗ ಸಾಕಮ್ಮ ನಂಜನಗೂಡಿನ ಕಡೆಯ ಬಾಳೆತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಗೊನೆ ಹೊತ್ತು ಹೊತ್ತು ಅವಳ ಕುತ್ತಿಗೆ ಒಂದು ಕಡೆಗೆ ತಿರುಗದಂತಾಗಿತ್ತು. ರಾಹುಲ ಅರ್ಜಿ ಹಾಕಿದ. ವಿಷಯ ಬೇರೆಯೇ ಇಟ್ಟುಕೊಂಡ: ನರಸೀಪುರದ ಸುತ್ತಲಿನ ಹಾಲಿನ ಡೈರಿಗಳಲ್ಲಿ ಜಾತಿ. ಮನೆಯ ಮಾತು ಒಂದಕ್ಷರವೂ ಬರದಂತೆ ನೋಡಿಕೊಂಡ.

ಸಂದರ್ಶನ ಮಧ್ಯಾಹ್ನ ಬಂತು. ಅದೇ ರೂಮು, ಅದೇ ಅಂಗಿ. ಆ ಕಡೆ ಅದೇ ಪ್ರೊಫೆಸರ್, ಈ ಸಲ ಜೊತೆಗೆ ನಾಲ್ವರು. ಡೈರಿಯ ಬಗ್ಗೆ ಅವನು ಚೆನ್ನಾಗಿಯೇ ಹೇಳಿದ. ಯಾರ ಹಾಲನ್ನು ಯಾವ ಕ್ಯಾನಿಗೆ ಸುರಿಯುತ್ತಾರೆ, ಯಾರು ದೂರ ನಿಲ್ಲುತ್ತಾರೆ ಎಂದು ವಿವರಿಸಿದ. ಅವರು ತಲೆಯಾಡಿಸಿದರು. ಆದರೆ ಅವರ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ. ಅದು ಅವನಿಗೆ ಕಾಣುತ್ತಿತ್ತು. ಮೂಲೆಯಲ್ಲಿದ್ದ ಒಬ್ಬಾತ ಗಡಿಯಾರ ನೋಡಿಕೊಂಡ. ಆಗ ಇನ್ನೊಬ್ಬಾಕೆ ಕೇಳಿದಳು: "ಈ ಕೆಲಸ ಮಾಡಲು ನೀವೇ ಯಾಕೆ ಬೇಕು? ಬೇರೆ ಯಾರೂ ಯಾಕೆ ಆಗುವುದಿಲ್ಲ?"

ರಾಹುಲ ಬಾಯಿ ತೆರೆದ. ಏನೋ ಓದಿಕೊಂಡಿದ್ದ ಉತ್ತರ ಬರಬೇಕಿತ್ತು. ಬಂದದ್ದು ಜಗಲಿ. ಅಪ್ಪ ಸುಟ್ಟ ತಮಟೆ, ಪಕ್ಕದೂರಿಂದ ತಂದ ತಮಟೆ, ಬಾವಿ, ತಾನು ಬೀಸಿದ ಕೈ. ಈ ಸಲ 'ಒಂದು ಮಗು' ಎನ್ನಲಿಲ್ಲ, 'ನಾನು' ಎಂದ. ಹೇಳುತ್ತಾ ಹೇಳುತ್ತಾ, ಎಲ್ಲಿ ನಿಲ್ಲಿಸಿದರೆ ಅವರಿಗೆ ಹೆಚ್ಚು ತಾಗುತ್ತದೆ ಎಂದು ತನಗೆ ತಿಳಿಯುತ್ತಿದೆ ಎಂಬುದೂ ಅವನಿಗೆ ಗೊತ್ತಾಯಿತು. ಅಲ್ಲೇ ನಿಲ್ಲಿಸಿದ. ಗಡಿಯಾರ ನೋಡಿದ್ದವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಪ್ರೊಫೆಸರ್, "ಇದನ್ನು ನಮ್ಮೊಂದಿಗೆ ಹಂಚಿಕೊಂಡಿದ್ದಕ್ಕೆ ಕೃತಜ್ಞತೆ," ಎಂದರು.

ಕಂಪ್ಯೂಟರ್ ಮುಚ್ಚಿ ರಾಹುಲ ಸಂಗಮದ ಕಡೆ ನಡೆದು ಹೋದ. ಕಪಿಲೆ ಬಂದು ಕಾವೇರಿ ಸೇರುವಲ್ಲಿ ಮೆಟ್ಟಿಲ ಮೇಲೆ ಕೂತ. ಆಯ್ಕೆಯಾಗುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು. ಖಾತ್ರಿಯಾದದ್ದಕ್ಕೇ ಹೇಸಿಗೆಯಾಯಿತು. ಆದರೂ ಒಳಗೊಳಗೇ ಖುಷಿಯಾಗುತ್ತಿದ್ದುದನ್ನು ತಡೆಯಲು ಅವನಿಂದಾಗಲಿಲ್ಲ. ಅವ್ವನನ್ನು ಕೂಲಿ ಬಿಡಿಸಬೇಕು ಎಂದುಕೊಂಡ.

ಆಯ್ಕೆಯಾಗಲಿಲ್ಲ. ಧನ್ಯವಾದಗಳ ಕೆಳಗೆ ಈ ಸಲ ಪ್ರೊಫೆಸರ್ ತಮ್ಮದೇ ಎರಡು ಸಾಲು ಬರೆದಿದ್ದರು. ನಿಮ್ಮ ಮಾತು ನಮ್ಮೆಲ್ಲರನ್ನೂ ಆಳವಾಗಿ ತಟ್ಟಿತು. ಡೈರಿಗಳ ಪ್ರಸ್ತಾವ ಇನ್ನೂ ಪಕ್ವವಾಗಬೇಕು. ನಿಮ್ಮ ನಿಜವಾದ ವಸ್ತುವಿನ ಬಗ್ಗೆಯಾದರೋ ನಮ್ಮ ವಿಭಾಗದಲ್ಲಿ ಈಗಾಗಲೇ ಕೆಲಸ ನಡೆದಿರುವುದರಿಂದ ಅದಕ್ಕೆ ಹೊಸತನವಿಲ್ಲವೆಂದು ಸಮಿತಿಗೆ ಅನ್ನಿಸಿತು.

ರಾಹುಲ ಅದನ್ನು ಮತ್ತೆ ಮತ್ತೆ ಓದಿದ. ಅವನ ಅಪ್ಪನ ಕೈ ಹಳೆಯ ವಿಷಯವಾಗಿತ್ತು. ಅದನ್ನು ಇಂಗ್ಲಿಷಿಗೆ ಹೇಳಿಕೊಟ್ಟವನೂ ಅವನೇ.

ಆ ಶನಿವಾರ ಊರಿಗೆ ಹೋದ. ಸಾಕಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಹೇಳದೆ ಇರಬಹುದಿತ್ತು. ಆದರೆ ಅವನಿಗೆ ಯಾರಾದರೂ ಬೈಯಬೇಕಿತ್ತು.

"ಅವ್ವ, ಯೋಳ್ಬುಟ್ಟೆ ಕಣವ್ವ. ಇಂಟರ್ವ್ಯೂನಲ್ಲಿ. ಅಪ್ಪನ ಇಸ್ಯ."

ಸಾಕಮ್ಮನ ಕೈ ನಿಂತಿತು. "ಪೂರ್ತಿ ಯೋಳ್ದ್ಯಾ?"

"ಊಂ."

"ಬಾವಿದೂ?"

"ಊಂ."

"ಅತ್ರಾ ಅವ್ರು?"

"ಒಬ್ರು ಕಣ್ಣೊರಸ್ಕಂಡ್ರು."

"ಕೆಲ್ಸ ಆಯ್ತಾ?"

"ಇಲ್ಲ."

ಅವಳು ತಿರುಗಿ, ನೆಟ್ಟಗೆ ಅವನ ಮುಖ ನೋಡಿದಳು. "ಅತ್ತೂ ಇಲ್ಲ ಅಂದ್ರಾ?" ಎಂದಳು. ಅವಳ ಬಾಯಿಯ ಅಂಚಿನಲ್ಲಿ ನಗೆಯಂಥದ್ದೇನೋ ಬಂತು. ಅದು ಪೂರ್ತಿ ನಗೆಯಾಗುವ ಮೊದಲೇ ಒಲೆಯ ಕಡೆ ತಿರುಗಿಕೊಂಡಳು. ಮುದ್ದೆ ಬಡಿಸಿದಳು, ಸಾರು ಹಾಕಿದಳು, ಉಣ್ಣು ಅಂದಳು. ಬೈಯಲಿಲ್ಲ. ಆದರೆ ಅಂದಿನಿಂದ ಇವತ್ತಿನವರೆಗೂ ಅವನ ಎದುರಿಗೆ ಮಾದುವಿನ ಹೆಸರು ಎತ್ತಿಲ್ಲ. ಅಪ್ಪ ಸಣ್ಣವನಾಗಿದ್ದಾಗ ಹೇಗಿದ್ದ, ತಮಟೆ ಯಾರಿಂದ ಕಲಿತ, ತನ್ನನ್ನು ಎತ್ತಿಕೊಂಡು ಏನು ಹಾಡುತ್ತಿದ್ದ ಎಂದೆಲ್ಲ ರಾಹುಲ ಈಗ ಕೇಳುತ್ತಾನೆ. "ಗೆಪ್ತಿ ಇಲ್ಲ ಕನ ಮಗ" ಎನ್ನುತ್ತಾಳೆ. ಅವಳಿಗೆ ಎಲ್ಲವೂ ನೆನಪಿದೆ ಎಂದು ಅವನಿಗೆ ಗೊತ್ತು.

ದಿವ್ಯಳ ಲೇಖನವನ್ನು ಕೆಲವು ತಿಂಗಳು ತೆಗೆದಿಟ್ಟು, ಸಮಿತಿಯ ಒಪ್ಪಿಗೆಯ ಮೇಲೆ ಮತ್ತೆ ಹಾಕಿದರು. ಈಗಲೂ ಇದೆ.

ರಾಹುಲ ಅರ್ಜಿ ಹಾಕುವುದನ್ನು ಬಿಟ್ಟ. ನರಸೀಪುರದಲ್ಲೇ ಪಾಠ ಮಾಡಿಕೊಂಡಿದ್ದಾನೆ. ಈ ವರ್ಷ ಅವನ ಹಳೆಯ ವಿದ್ಯಾರ್ಥಿನಿ, ಸೋಮನಾಥಪುರದ ಕಡೆಯ ಪವಿತ್ರ, ಎಂ.ಎ. ಮುಗಿಸಿ ಅವನನ್ನು ಹುಡುಕಿಕೊಂಡು ಬಂದಳು. ಫಿನ್‌ಲೆಂಡಿನಲ್ಲಿ ಒಂದು ಸಂಶೋಧನೆಯ ಹುದ್ದೆ ಇದೆಯಂತೆ, ಬರೆದದ್ದನ್ನು ತಿದ್ದಿಕೊಡಬೇಕು ಎಂದಳು. ರಾಹುಲ ಓದಿದ. ಮೊದಲ ಪುಟವಿಡೀ ಅವಳ ಅಪ್ಪನ ವಿಷಯವೇ. ಪುರಸಭೆಯಲ್ಲಿ ಮೋರಿಗೆ ಇಳಿಯುವ ಆತ ಒಂದು ಮದುವೆಯ ಊಟದಿಂದ ಹೇಗೆ ಎಬ್ಬಿಸಲ್ಪಟ್ಟ ಎಂದು ಬರೆದಿದ್ದಳು. ಓದಿದವರ ಎದೆಗೆ ಒದೆಯುವ ಹಾಗಿತ್ತು.

"ಇದು ನಿಮ್ಮಪ್ಪಂಗೆ ಗೊತ್ತಾ?" ಎಂದು ಕೇಳಿದ ರಾಹುಲ.

"ಇಲ್ಲ ಸಾ. ಇಂಗ್ಲಿಷಲ್ಲಿ ತಾನೆ ಇರೋದು."

"ಓಗಿ ಕೇಳ್ಕಂಡು ಬಾ. ಒಂದೊಂದು ಸಾಲೂ ಕನ್ನಡದಲ್ಲಿ ಓದಿ ಯೋಳು. ಆಮೇಲೆ ಕಳ್ಸಣ."

ಮರುದಿನ ಅವಳು ಬಂದಳು. ಕಣ್ಣು ಊದಿತ್ತು. "ಬ್ಯಾಡ ಅಂದ್ರು ಸಾ. ತುಂಬಾ ಬೈದ್ರು. ಅವ್ರನ್ನ ಎಬ್ಬಿಸಿದ್ದು ನಾನು ನೋಡಿಲ್ಲ ಅಂತ ಇಷ್ಟು ದಿನ ಅನ್ಕಂಡಿದ್ರಂತೆ."

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತು ಆ ಪುಟವನ್ನು ಅಳಿಸಿದರು. ಉಳಿದದ್ದು ಅವಳ ಮಾರ್ಕ್ಸು, ಓದಿದ ಪುಸ್ತಕಗಳು, ಮಾಡಬೇಕೆಂದಿರುವ ಕೆಲಸ. ಯಾರ ಕಣ್ಣನ್ನೂ ಒದ್ದೆ ಮಾಡದ ಒಂದೂವರೆ ಪುಟ. ರಾಹುಲ ಮಕ್ಕಳ ಕಾಗುಣಿತ ತಿದ್ದುವ ಹಾಗೆ ಒಂದೊಂದು ಸ್ಪೆಲ್ಲಿಂಗನ್ನೂ ನೋಡಿದ. ಕಳಿಸಿದರು. ಸಂದರ್ಶನಕ್ಕೆ ಕರೆಯಲಿಲ್ಲ.